ಹಗ್ಗದ ಆ ತುದಿ

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, "ರಾತ್ರಿ ಏನ್ ಉಂಡಿದ್ರಿ?" ಎಂದು ಕೇಳಿ ನಗುತ್ತಿದ್ದವನು ನಾನು. ಈಗ ನೀವು ನನ್ನನ್ನೂ ಹಾಗೆ ಕೇಳಬಹುದು, ಬೇಸರವಿಲ್ಲ. ಆದರೆ ನನಗಾದದ್ದು ರಾತ್ರಿಯಲ್ಲ. ಹೊತ್ತು ಮುಳುಗುವ ಮುಂಚೆ, ಇಡೀ ಊರಿನ ಜನರ ನಡುವೆ.

ಕೆಲವು ವರ್ಷಗಳ ಹಿಂದಿನ ಕಾರ ಹುಣ್ಣಿಮೆ. ಬೈಲಹೊಂಗಲದ ಸಮೀಪದ ನಮ್ಮೂರಲ್ಲಿ ಅಂದು ಸಂಜೆ ಕರಿ ಹರಿಯುತ್ತಾರೆ. ಕೋಡಿಗೆ ಬಣ್ಣ ಬಳಿದ ಎತ್ತುಗಳನ್ನು ಬೀದಿಯಲ್ಲಿ ಓಡಿಸಿಕೊಂಡು ಬಂದು, ಊರ ಅಗಸೆ ಬಾಗಿಲಿಗೆ ಅಡ್ಡ ಕಟ್ಟಿದ ಬೇವಿನ ತೋರಣ ಹರಿಸುವ ಹಬ್ಬ. ಮೊಬೈಲ್ ಬಂದ ಮೇಲೆ ಜನ ಫೋಟೋಗಾಗಿ ಎತ್ತಿನ ಮೂತಿಗೇ ಹೋಗಿ ನಿಲ್ಲತೊಡಗಿದರು. ಹಾಗಾಗಿ ನಾವು ಕೆಲವರು ಬೀದಿಯುದ್ದಕ್ಕೂ ದಪ್ಪ ಹಗ್ಗ ಹಿಡಿದು ಅವರನ್ನು ಹಿಂದೆ ನಿಲ್ಲಿಸುತ್ತಿದ್ದೆವು.

ನಮ್ಮ ಮಗ್ಗುಲಿನ ಹಗ್ಗಕ್ಕೆ ಅಗಸೆಯ ಬಳಿ ನಾನು, ಆಚೆ ತಿರುವಿನಲ್ಲಿ ಗೆಳೆಯ ಈರಪ್ಪ. ಹಲಗೆ ಬಡಿಯುವ ಸದ್ದಿನಲ್ಲಿ ಕೂಗಿದರೆ ಕೇಳದು. ಎತ್ತು ದಾರಿ ಬಿಟ್ಟಿದ್ದು ಕಂಡರೆ ಅವನು ಮೂರು ಸಲ ಜಗ್ಗಬೇಕು. ತಿಳಿಯಿತು ಎನ್ನಲು ನಾನು ಒಂದು ಸಲ ಜಗ್ಗಬೇಕು. ಆಗ ಜನ ಹಿಂದೆ ಸರಿಯಲೆಂದು ಅವನು ಹಗ್ಗ ಸಡಿಲ ಬಿಡುತ್ತಾನೆ.

ಅಂದು ನನ್ನ ಮಗಳು ಗೌರಿಯೂ ಬಂದಿದ್ದಳು. ಬೇಡವೆಂದರೂ ಕೇಳದೆ ಓರಗೆಯವರ ಜೊತೆ ಹಗ್ಗಕ್ಕೆ ಆತುಕೊಂಡು ಮುಂದೆಯೇ ನಿಂತಿದ್ದಳು. ಬೀದಿ ಖಾಲಿಯಿತ್ತು. ಅಷ್ಟರಲ್ಲಿ ಕೈಯಲ್ಲಿದ್ದ ಹಗ್ಗ ಮೂರು ಸಲ ಗಟ್ಟಿಯಾಗಿ ಸೆಳೆಯಿತು. ಜನ ಒರಗಿದರೆ ಹಗ್ಗ ಪಕ್ಕಕ್ಕೆ ಬಾಗುತ್ತದೆ, ಜಗ್ಗಿದರೆ ಉದ್ದಕ್ಕೆ ಸೆಳೆಯುತ್ತದೆ; ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ನಾನು ಒಂದು ಸಲ ಜಗ್ಗಿದೆ. ಆ ತುದಿ ಸಡಿಲವಾಯಿತು.

"ಹಿಂದ ಸರೀರಿ! ಕಟ್ಟಿ ಹತ್ರಿ!" ಎಂದು ಕಿರುಚುತ್ತ ಮಕ್ಕಳನ್ನು ಎತ್ತಿ ಮನೆಗಳ ಕಟ್ಟೆಯ ಮೇಲೆ ಒಗೆದಂತೆಯೇ ಹಾಕಿದೆ. ಗೌರಿಯನ್ನು ಎತ್ತಿ ಕಟ್ಟೆಯ ಮೇಲೆ ಇಳಿಸುವಷ್ಟರಲ್ಲಿ ಪಟಾಕಿಗೆ ಬೆದರಿದ ಒಂದು ಎತ್ತು ತಿರುವಿನಿಂದ ನುಗ್ಗಿ, ಮನೆಗಳ ಗೋಡೆಗೆ ಉಜ್ಜಿಕೊಂಡೇ ಹೋಯಿತು. ಮಗಳ ಒಂದು ಚಪ್ಪಲಿ ಕೆಳಗೆ ಉಳಿದಿತ್ತು. ಗೊರಸು ಬಿದ್ದು ಅದು ಎರಡು ತುಂಡಾಗಿತ್ತು.

ಈರಪ್ಪನನ್ನು ತಬ್ಬಿಕೊಳ್ಳಬೇಕೆಂದು ತಿರುವಿಗೆ ಓಡಿದೆ. ಅವನು ಎದುರಿನ ಗಲ್ಲಿಯಿಂದ ಏದುಸಿರು ಬಿಡುತ್ತ ಬರುತ್ತಿದ್ದ.

"ತಪ್ಪಾತೋ ದೋಸ್ತಾ. ಎತ್ತು ಇನ್ನೂ ಬಿಟ್ಟಿಲ್ಲ ಅಂದ್ರು. ಹಗ್ಗ ಕಲ್ಲಿಗೆ ಬಿಗದು ಚಾ ಕುಡಿಯಾಕ ಹೋಗಿದ್ನಿ."

"ಮತ್ತ ಜಗ್ಗಿದವರು ಯಾರು?"

"ಯಾರ ಜಗ್ಗತಾರೋ? ನಾ ಹಾಕಿದ ಗಂಟು ಹಂಗ ಐತಿ, ನೋಡಲ್ಲೆ."

ನೋಡಿದೆ. ಹಗ್ಗ ನೆಲದಲ್ಲಿ ಹೂತ ಕಲ್ಲಿಗೆ ಬಿಗಿಯಾಗಿ ಸುತ್ತಿತ್ತು. ಇಬ್ಬರೂ ಸೇರಿ ಬಿಚ್ಚಲು ಹೋದರೂ ಗಂಟು ಸುಲಭಕ್ಕೆ ಬಿಡಲಿಲ್ಲ. ನನ್ನ ಅಂಗೈ ಮಾತ್ರ ಆಗಿನ ಸೆಳೆತಕ್ಕೆ ಉಜ್ಜಿ ಕೆಂಪಾಗಿತ್ತು.

ನಡುವೆ ಯಾರೋ ಹುಡುಗರು ಜಗ್ಗಿರಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಾಗಾದರೆ ಕಲ್ಲಿಗೆ ಬಿಗಿದದ್ದು ಸಡಿಲವಾದದ್ದು ಹೇಗೆ? ಮಗಳು ಉಳಿದಳಲ್ಲ, ಇನ್ನೇನು ಹೆದರಿಕೆ ಎಂದು ಹೆಂಡತಿ ಬೈಯುತ್ತಾಳೆ. ಈಗಲೂ ಕಾರ ಹುಣ್ಣಿಮೆಗೆ ಜನರನ್ನು ಸರಿಸಲು ಹೋಗುತ್ತೇನೆ, ಹಗ್ಗ ಮಾತ್ರ ಮುಟ್ಟುವುದಿಲ್ಲ. ಆ ತುದಿಯಲ್ಲಿದ್ದದ್ದು ಜಗ್ಗಿತು ಎಂದಲ್ಲ ನನ್ನ ಭಯ. ನಾನು ತಿರುಗಿ ಜಗ್ಗಿದೆ, ಅದು ಸಡಿಲ ಬಿಟ್ಟಿತು. ಈ ತುದಿಯಲ್ಲಿ ನಾನಿದ್ದೇನೆಂದು ಅದಕ್ಕೆ ಗೊತ್ತಿದೆ.