ಅಪ್ಪ ಕೇಳಿದ ಫೋಟೋ

ನಾನು ಬೆಳೆದದ್ದು ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ. ಗದಗದ ಕಡೆಯಿಂದ ಬಂದಿದ್ದ ಅಪ್ಪ ಅಲ್ಲಿ ಟೆಕ್ನಿಷಿಯನ್ ಆಗಿದ್ದರು. ವಿಮಾನದೊಳಗಿನ ಸಣ್ಣ ಸಣ್ಣ ಉಪಕರಣಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದು ಅವರ ಕೆಲಸ. ಆದರೆ ಕಾಲನಿಯ ಕನ್ನಡದ ಮನೆಗಳಿಗೆ ಅವರು ಫೋಟೋ ತೆಗೆಯುವವರು. ಬಸುರಿಯ ಕುಪ್ಪಸದ ಕಾರ್ಯವಿರಲಿ, ಕೂಸಿನ ತೊಟ್ಟಿಲಿರಲಿ, ಯಾರದೋ ನಿವೃತ್ತಿಯಿರಲಿ, ಗಂಡಿನ ಮನೆಗೆ ಕಳಿಸಬೇಕಾದ ಹುಡುಗಿಯ ಫೋಟೋ ಇರಲಿ, ಅಪ್ಪನಿಗೇ ಹೇಳಿಕಳಿಸುತ್ತಿದ್ದರು.

ಅವರ ಕ್ಯಾಮೆರಾ ರಷ್ಯದ್ದು. ಆಗ ಕಾರ್ಖಾನೆಗೆ ಸೋವಿಯತ್ ದೇಶದ ಎಂಜಿನಿಯರುಗಳು ಬಂದು ಇರುತ್ತಿದ್ದರಂತೆ. ಅವರಲ್ಲೊಬ್ಬ ತನ್ನ ದೇಶಕ್ಕೆ ಮರಳುವಾಗ ಅದನ್ನು ಅಪ್ಪನ ಕೈಗಿಟ್ಟು ಹೋಗಿದ್ದ. ಇಬ್ಬರಿಗೂ ಪೂರ್ತಿ ತಿಳಿಯುವ ಭಾಷೆ ಒಂದೂ ಇರಲಿಲ್ಲ. ಅಪ್ಪನಿಗೆ ಕೆಲಸಕ್ಕೆ ಬೇಕಾದ ನಾಲ್ಕು ರಷ್ಯನ್ ಶಬ್ದ ಬರುತ್ತಿದ್ದವು. ಅವನಿಗೆ ‘ಚಾಯ್’, ‘ಗರಂ’, ‘ಅಚ್ಛಾ’ ಬರುತ್ತಿದ್ದವು. ಅಷ್ಟರಲ್ಲೇ ಅವನು ಅಪ್ಪನಿಗೆ ಬೆಳಕು ಅಳೆಯುವುದನ್ನು, ಫಿಲ್ಮ್ ತೊಳೆಯುವುದನ್ನು ಕಲಿಸಿದ್ದ. ಇಸ್ತ್ರಿಪೆಟ್ಟಿಗೆಯಷ್ಟು ಭಾರವಾಗಿದ್ದ ಆ ಕ್ಯಾಮೆರಾ ಕೊರಳಲ್ಲಿ ತೂಗುತ್ತಿದ್ದರೆ ಅಪ್ಪ ತುಸು ಮುಂದಕ್ಕೆ ಬಾಗಿ ನಡೆಯುತ್ತಿದ್ದರು.

ಅಪ್ಪನಿಗೆ ಒಂದು ಹಟವಿತ್ತು. ನಮ್ಮ ಮನೆಗಳ ಸಾಲಿನಲ್ಲಿ ಒಬ್ಬರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಅವರದೊಂದು ಸರಿಯಾದ ಫೋಟೋ ಇರಲಿಲ್ಲ. ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಪಕ್ಕದಲ್ಲಿ ನಿಂತಿದ್ದವರ ಭುಜ ಅದರಲ್ಲಿ ಹಾಗೇ ಉಳಿದಿತ್ತು. ಅದನ್ನು ನೋಡಿ ಬಂದ ಮೇಲೆ ಅಪ್ಪ, ಯಾರ ಮನೆಗೆ ಹೋದರೂ ಹಿರಿಯರನ್ನು ಕಿಟಕಿಯ ಹತ್ತಿರ ಕೂರಿಸಿ ಒಂದು ಫೋಟೋ ತೆಗೆದಿಡತೊಡಗಿದರು. ಎದುರುಮನೆಯ ಅಜ್ಜಿ ಒಮ್ಮೆ ಸಿಟ್ಟಿಗೆದ್ದು ಕೇಳಿದ್ದರು:

“ಯಾಕೋ, ನನ್ನ ಕಳಸಾಕ ಇಷ್ಟು ಗಡಿಬಿಡಿ ಐತೇನ್ ನಿನಗ?”

“ಹಂಗಲ್ರೀ ಆಯಿ. ಇವತ್ತು ನಿಮ್ಮ ಮಾರಿ ಛಲೋ ಕಾಣಾಕತ್ತೈತಿ, ಅದಕ್ಕ,” ಎಂದಿದ್ದರು ಅಪ್ಪ.

ಅಜ್ಜಿ ಸೆರಗು ಸರಿಮಾಡಿಕೊಂಡು ಕೂತಿದ್ದರು. ಅವರು ಹೋದ ಮೇಲೆ ಹಾರ ಬಿದ್ದದ್ದು ಅದೇ ಫೋಟೋಕ್ಕೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಪರಿಚಯದ ಎಷ್ಟೋ ಮನೆಗಳ ಗೋಡೆಯ ಮೇಲೆ ಹಾರದ ಹಿಂದಿನಿಂದ ನೋಡುತ್ತಿದ್ದ ಮುಖಗಳು ಅಪ್ಪ ತೆಗೆದವೇ ಆಗಿದ್ದವು.

ಆಮೇಲೆ ಫಿಲ್ಮ್ ರೋಲು ಸಿಗುವುದು ಕಷ್ಟವಾಯಿತು. ಪ್ರಿಂಟು ಹಾಕಿಕೊಡುತ್ತಿದ್ದ ಸ್ಟುಡಿಯೋಗಳು ಝೆರಾಕ್ಸ್ ಅಂಗಡಿಗಳಾದವು. ಕ್ಯಾಮೆರಾ ಕಪಾಟಿಗೆ ಹೋಯಿತು, ಅಪ್ಪ ನಿವೃತ್ತರಾಗಿ ನಾಸಿಕದಲ್ಲೊಂದು ಸಣ್ಣ ಫ್ಲ್ಯಾಟು ಮಾಡಿಕೊಂಡರು. ನನಗೆ ಸಂಭಾಜಿನಗರದ ಹೊರವಲಯದ ವಾಳೂಜಿನಲ್ಲಿ ಗಾಡಿಯ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಆ ಊರಲ್ಲೇ ಉಳಿದೆ. ಅಳತೆ ತಪ್ಪಿದ ಭಾಗಗಳನ್ನು ಹುಡುಕಿ ಬದಿಗಿಡುವುದು ನನ್ನ ಕೆಲಸ. ದಿನವಿಡೀ ಅದನ್ನೇ ಮಾಡಿ ಬಂದವಳಿಗೆ ರವಿವಾರ ಬೇರೇನಾದರೂ ನೋಡಬೇಕೆನ್ನಿಸುತ್ತಿತ್ತು. ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಅದು ಎಲ್ಲವನ್ನೂ ತಾನೇ ಮಾಡುತ್ತಿತ್ತು. ಚಿತ್ರಗಳು ಚೊಕ್ಕವಾಗಿ ಬರುತ್ತಿದ್ದವು, ಎರಡು ದಿನಕ್ಕೆ ಮರೆತುಹೋಗುತ್ತಿದ್ದವು.

ಒಮ್ಮೆ ತವರಿಗೆ ಹೋದಾಗ ಅಪ್ಪನ ಕ್ಯಾಮೆರಾ ತೆಗೆಸಿ, ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. ಶಟರಿನ ಕಪ್ಪು ಬಟ್ಟೆ ಒಣಗಿ ಸೀಳಿತ್ತು. ಅವರು ಲೆನ್ಸನ್ನು ತಿರುಗಿಸಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, “ಲೆನ್ಸ್ ಛಾನ್ ಆಹೇ ತಾಯಿ, ಪಣ್ ಬಾಡಿ ಗೇಲಿ,” ಎಂದರು. ಲೆನ್ಸು ಚೆನ್ನಾಗಿದೆ, ಉಳಿದದ್ದು ಹೋಯಿತು ಎಂದು. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸುವ ರಿಂಗು ಸಿಗುತ್ತದೆಂದು ನನಗೆ ಗೊತ್ತಿತ್ತು. ತರಿಸಿಕೊಂಡೆ. ಹಿತ್ತಾಳೆ ಬಣ್ಣದ ಆ ಸಣ್ಣ ಬಳೆಯನ್ನು ನಡುವೆ ಇಟ್ಟು ತಿರುಗಿಸಿದಾಗ, ಎಷ್ಟೋ ವರ್ಷ ಕಪಾಟಿನಲ್ಲಿದ್ದ ಲೆನ್ಸು ಡಿಜಿಟಲ್ ಕ್ಯಾಮೆರಾದ ಮೂತಿಗೆ ಗಟ್ಟಿಯಾಗಿ ಕೂತಿತು.

ಮೊದಲ ಸಲ ಅದನ್ನು ವೇರೂಳಿನ ಗುಹೆಗಳಿಗೆ ಒಯ್ದೆ. ಫೋಕಸ್ಸನ್ನು ಕೈಯಿಂದಲೇ ಹಿಡಿಯಬೇಕು, ಬೆಳಕನ್ನು ನಾನೇ ತೂಗಬೇಕು. ಗುಹೆಯ ಬಾಗಿಲಲ್ಲಿ ಕೂತಿದ್ದ ಒಬ್ಬ ಹೆಂಗಸಿನ ಚಿತ್ರ ತೆಗೆಯಲು ಅವಳ ಅನುಮತಿ ಕೇಳಿ, ರಿಂಗು ತಿರುಗಿಸುತ್ತ ನಿಂತೆ. ಎಷ್ಟು ಹೊತ್ತು ಹಿಡಿಯಿತೆಂದರೆ ಅವಳು ನನ್ನನ್ನು ಮರೆತು ತನ್ನ ಯೋಚನೆಗೆ ಮರಳಿದಳು. ಆಗ ಒತ್ತಿದೆ. ಚಿತ್ರದಲ್ಲಿ, ಆ ಲೆನ್ಸಿನ ಗುಣದಿಂದ, ಹಿಂದಿದ್ದ ಮರದ ಎಲೆಗಳು ಅವಳ ಸುತ್ತ ಸುಳಿಯಂತೆ ತಿರುಗಿದ್ದವು, ಮುಖ ಮಾತ್ರ ಅಲುಗಾಡದೆ ನಿಂತಿತ್ತು.

ಅಪ್ಪನಿಗೆ ತೋರಿಸಲು ಒಯ್ದರೆ ಅವರು ಚಿತ್ರ ನೋಡಲಿಲ್ಲ. ಮೊದಲು ಲೆನ್ಸಿನ ರಿಂಗನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿದರು.

“ಗ್ರೀಸ್ ಇನ್ನೂ ಮೆತ್ತಗೈತಿ ನೋಡು,” ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಖುಷಿ ಕಂಡೆ.

ಬಹಳ ದಿನಗಳ ಮೇಲೆ ಎಂದೆ, ಯಾಕೆಂದರೆ ಅಪ್ಪನಿಗೆ ಆಗಲೇ ಕಾಯಿಲೆ ಶುರುವಾಗಿತ್ತು. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಮೊದಲು ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಸ್ನಾನಕ್ಕೆ ಸ್ಟೂಲು ಬಂತು, ಆಮೇಲೆ ಆಕ್ಸಿಜನ್ ಯಂತ್ರ. ಅದರ ಸಣ್ಣ ನಳಿಗೆ ಮೂಗಿನಲ್ಲಿ, ಉದ್ದನೆಯ ಪೈಪು ಮನೆಯೆಲ್ಲ ಅವರ ಹಿಂದೆ. ಇದು ಗುಣವಾಗುವುದಲ್ಲ ಎಂದು ಡಾಕ್ಟರು ಹೇಳಿದ್ದರು. ಅಪ್ಪ, ಅವ್ವ, ನಾನು, ಈ ಮೂವರಲ್ಲಿ ಅದನ್ನು ಬಾಯಿಬಿಟ್ಟು ಆಡಿದವರು ಅಪ್ಪ ಒಬ್ಬರೇ.

“ಯವ್ವಾ, ಆ ಲೆನ್ಸ್ ತಗೊಂಡು ಬಾ ಒಮ್ಮೆ,” ಎಂದರು ಫೋನಿನಲ್ಲಿ. “ನಂದೊಂದು ಫೋಟೋ ತೆಗಿಬೇಕು.”

“ಆಯ್ತ್ರಿ. ಮುಂದಿನ ಸಲ ಬಂದಾಗ ಎಲ್ಲಾರೂ ಕೂಡಿ ತಗಸೋಣು.”

“ಎಲ್ಲಾರೂ ಅಲ್ಲ. ನಾ ಒಬ್ಬವನ.”

ನನಗೆ ತಿಳಿಯಿತು. ತಿಳಿದದ್ದನ್ನು ತೋರಿಸಿಕೊಳ್ಳದೆ, “ಅಪ್ಪಾ, ಹಂಗೆಲ್ಲಾ ವಿಚಾರ ಮಾಡಬ್ಯಾಡ್ರಿ,” ಎಂದೆ.

“ಊರ ಮಂದಿದೆಲ್ಲಾ ತೆಗದೀನಿ. ನನ್ನ ಸರದಿ ಬಂದಾಗ ಮೊಬೈಲಿನ ಫೋಟೋ ಹಾಕ್ತೀರೇನು?” ಎಂದರು.

ಈ ಮಾತು ಅವ್ವನ ಕಿವಿಗೆ ಬಿತ್ತು. ಆ ದಿನ ಅವಳು ಅಪ್ಪನಿಗೆ ಊಟ ಬಡಿಸಿ, ಎದುರಿಗೆ ಕೂರದೆ ಅಡುಗೆಮನೆಗೆ ಹೋದಳಂತೆ. ನನಗೆ ಫೋನು ಮಾಡಿ, “ನೀ ಕ್ಯಾಮೆರಾ ತರೂದಿದ್ರ ಮನಿಗೆ ಬರಬ್ಯಾಡ,” ಎಂದಳು.

ಕೆಲವು ವಾರ ಏನೋ ನೆಪ ಹೇಳಿ ದೂಡಿದೆ. ಕಡೆಗೆ ಚಳಿಗಾಲದ ಒಂದು ರವಿವಾರ ಒಯ್ದೆ. ಒಳಗೆ ಹೋದರೆ ಅಪ್ಪ ಎಲ್ಲ ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ಗಡ್ಡ ತೆಗೆದು, ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದರು. ಮೂಡಣ ಕಿಟಕಿಯ ಹತ್ತಿರ ಕುರ್ಚಿ. ಹಿಂದೆ ಕಪಾಟಿಗೆ ಬೂದುಬಣ್ಣದ ಚಾದರ. ಅವ್ವ ಬಾಗಿಲ ಕಡೆ ಬೆನ್ನು ಮಾಡಿಕೊಂಡು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

ಅಪ್ಪ ಮೂಗಿನ ನಳಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಲೆನ್ಸ್ ಪೂರ್ತಿ ತೆರಿ. ಕಣ್ಣಿನ ಮ್ಯಾಲ ಫೋಕಸ್ ಹಿಡಿ,” ಎಂದರು.

ಪೂರ್ತಿ ತೆರೆದರೆ ಆ ಲೆನ್ಸಿಗೆ ಕೂದಲೆಳೆಯಷ್ಟು ಜಾಗ ಮಾತ್ರ ಸ್ಪಷ್ಟ ಕಾಣುತ್ತದೆ. ನಾನು ಕ್ಯಾಮೆರಾದ ಪರದೆಯಲ್ಲಿ ಅವರ ಕಣ್ಣನ್ನು ದೊಡ್ಡದು ಮಾಡಿಕೊಂಡೆ. ರೆಪ್ಪೆಯ ಕೂದಲು ಒಂದೊಂದಾಗಿ ಕಂಡವು, ಮರುಕ್ಷಣ ಕರಗಿದವು. ಅಪ್ಪ ಅಲುಗಾಡುತ್ತಿರಲಿಲ್ಲ. ಉಸಿರಾಡುತ್ತಿದ್ದರು, ಅಷ್ಟೆ. ನಳಿಗೆಯಿಲ್ಲದೆ ಪ್ರತಿ ಉಸಿರಿಗೂ ಅವರ ಇಡೀ ಮೈ ಮುಂದೆ ಬಂದು ಹಿಂದೆ ಹೋಗುತ್ತಿತ್ತು. ಹೊರಗಿನಿಂದ ನೋಡಿದರೆ ತಿಳಿಯದಷ್ಟು ಸಣ್ಣ ಚಲನೆ. ಲೆನ್ಸಿಗೆ ತಿಳಿಯುತ್ತಿತ್ತು. ಅವರ ಕಾಯಿಲೆಯನ್ನು ಅಷ್ಟು ಹತ್ತಿರದಿಂದ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಂದಾಜಿನ ಮೇಲೆ ಒತ್ತಿದೆ, ಮತ್ತೆ ಒತ್ತಿದೆ.

“ಸಿಕ್ತೇನು?”

“ಇನ್ನೊಂದು ತಡೀರಿ ಅಪ್ಪಾ.”

ಅವರ ತುಟಿ ನೀಲಿಯಾಗತೊಡಗಿತ್ತು. ಅಷ್ಟರಲ್ಲಿ ಅವ್ವ ಎದ್ದು ಬಂದಳು. ನನ್ನ ಕಡೆ ನೋಡಲೂ ಇಲ್ಲ. ನಳಿಗೆ ಎತ್ತಿ ಅಪ್ಪನ ಮೂಗಿಗೆ ಹಾಕಿದಳು, ಕಿವಿಯ ಹಿಂದೆ ಸರಿಯಾಗಿ ಸಿಗಿಸಿದಳು, ಅಂಗಿಯ ಕಾಲರ್ ತಿದ್ದಿದಳು. ಆಮೇಲೆ ಸ್ಟೂಲೊಂದನ್ನು ಎಳೆದು ಅವರ ಪಕ್ಕದಲ್ಲಿ ಕೂತಳು. ಮೆಂತ್ಯೆಯ ಎಲೆಯೊಂದು ಅವಳ ಸೀರೆಗೆ ಅಂಟಿತ್ತು.

“ಹೂಂ, ಈಗ ತೆಗಿ,” ಎಂದಳು.

“ಏ, ನೀ ಕೂತ್ರ ಈ ಫೋಟೋ ಹಾರಕ್ಕ ಬರೂದಿಲ್ಲ,” ಎಂದರು ಅಪ್ಪ.

“ಬರಬಾರ್ದು ಅಂತನ ಕೂತೀನ್ರಿ.”

ಅಪ್ಪ ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅವ್ವನ ಕಡೆ ಒಮ್ಮೆ ನೋಡಿ, ಮುಖ ನನ್ನತ್ತ ತಿರುಗಿಸಿದರು. ಯಂತ್ರ ಒಂದೇ ಸಮನೆ ಗುರುಗುಡುತ್ತಿತ್ತು. ಉಸಿರು ಹತೋಟಿಗೆ ಬಂದಿತ್ತು. ಪರದೆಯಲ್ಲಿ ಇಬ್ಬರ ಕಣ್ಣುಗಳೂ ಸ್ಪಷ್ಟವಾಗಿ ನಿಂತವು. ಒತ್ತಿದೆ.

ಅಪ್ಪ ಕ್ಯಾಮೆರಾ ಇಸಿದುಕೊಂಡು, ತಾವೊಬ್ಬರೇ ಇದ್ದ ಚಿತ್ರಗಳನ್ನು ದೊಡ್ಡದು ಮಾಡಿ ಒಂದೊಂದಾಗಿ ನೋಡಿದರು.

“ಕಿವಿ ಭಾಳ ಛಲೋ ಬಂದಾವ,” ಎಂದರು.

ಕಣ್ಣು, ಮೂಗು, ತುಟಿ ಎಲ್ಲ ಮಂಜಾಗಿದ್ದವು. “ನೀವು ಸ್ವಲ್ಪ ಆರಾಮ ಮಾಡ್ರಿ. ಮತ್ತೊಮ್ಮೆ ತೆಗೀತೀನಿ,” ಎಂದೆ.

ಇಬ್ಬರೂ ಕೂತಿದ್ದ ಕಡೆಯ ಚಿತ್ರಕ್ಕೆ ಬಂದಾಗ ಅವರ ಬೆರಳು ನಿಂತಿತು. ಅದನ್ನು ದೊಡ್ಡದು ಮಾಡಲಿಲ್ಲ. ಸುಮ್ಮನೆ ನೋಡಿದರು. “ಬ್ಯಾಡ ಬಿಡು. ಆತಿದು,” ಎಂದು ಕ್ಯಾಮೆರಾ ಮರಳಿ ಕೊಟ್ಟರು. ಆಮೇಲೆ ಫೋಟೋದ ಮಾತು ಎತ್ತಲೇ ಇಲ್ಲ. ಮಧ್ಯಾಹ್ನ ಅವ್ವ ಅಪ್ಪನ ಎದುರಿಗೆ ಕೂತು ಉಂಡಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಸಂಭಾಜಿನಗರದಿಂದ ಬಂದು ತಲುಪಿದ್ದೆ. ಅವರ ಕೈ ಹಿಡಿದಿದ್ದೆ. ಅದು ನನಗೆ ಸಿಕ್ಕ ಸಮಾಧಾನ.

ದಿವಸದ ಕಾರ್ಯಕ್ಕೆ ಗದಗದಿಂದ ಬಂದ ಕಾಕಾ ಫೋಟೋ ಕೇಳಿದರು. ಇದ್ದ ಚಿತ್ರಗಳನ್ನೆಲ್ಲ ತೋರಿಸಿದೆ. ಇಬ್ಬರೂ ಕೂತ ಫೋಟೋ ನೋಡಿ ಅವರು, “ಇದ ಛಲೋ ಐತಿ. ಸ್ಟುಡಿಯೋದಾಗ ಕೊಟ್ರ ಬಾಜೂಕ ಕೂತ ವೈನೀನ ತೆಗದು, ಆ ಮೂಗಿನ ನಳಿಗೀನೂ ಅಳಿಸಿ ಕೊಡ್ತಾರ,” ಎಂದರು.

“ಅದನ್ನ ಯಾರೂ ಮುಟ್ಟಬ್ಯಾಡ್ರಿ,” ಎಂದಳು ಅವ್ವ ಮೂಲೆಯಿಂದ. ನನ್ನನ್ನು ಕರೆದು, ಮಂಜಾಗಿದ್ದ ಚಿತ್ರಗಳಲ್ಲಿ ಒಂದನ್ನು ತಾನೇ ಆರಿಸಿದಳು. “ಇದನ್ನ ಹಾಕಸು.”

“ಅವ್ವಾ, ಇದರಾಗ ಮಾರಿ ನೆಟ್ಟಗ ಕಾಣಂಗಿಲ್ಲ.”

“ಇರ್ಲಿ. ನನ್ನ ಕಣ್ಣಿಗೆ ಈಗ ಎಲ್ಲಾನೂ ಹಂಗ ಕಾಣತೈತಿ.”

ಅದನ್ನೇ ಹಾಕಿಸಿದೆವು. ಕಂಪನಿಯಲ್ಲಾಗಿದ್ದರೆ ನಾನು ನೋಡಿದ ತಕ್ಷಣ ಬದಿಗಿಡುತ್ತಿದ್ದೆ. ಬಂದವರು ಮಾತ್ರ ಹಳೆಯ ಫೋಟೋ ಇರಬೇಕೆಂದುಕೊಂಡು ಕೈಮುಗಿದು ಹೋದರು. ಜೋಡಿ ಫೋಟೋವನ್ನು ಅವ್ವ ಹಾರವಿಲ್ಲದೆ ತನ್ನ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಳು.

ಈಗ ಅವಳು ನನ್ನ ಜೊತೆ ಸಂಭಾಜಿನಗರದಲ್ಲಿದ್ದಾಳೆ. ಬರುವಾಗ ಬಟ್ಟೆಗಿಂತ ಮೊದಲು ಕಟ್ಟಿಕೊಂಡದ್ದು ಅಪ್ಪನ ನೆಗೆಟಿವ್‌ಗಳ ಬಿಸ್ಕಿಟ್ ಡಬ್ಬಿಗಳನ್ನು. ಹಳೆಯ ಕಾಲನಿಯ ನೆರೆಯವರೊಬ್ಬರು ಹುಬ್ಬಳ್ಳಿಯಿಂದ ಫೋನು ಮಾಡಿದ್ದರು. ಅವರ ಗಂಡನ ಫೋಟೋ ಗೋಡೆಯ ತೇವಕ್ಕೆ ಹಾಳಾಗಿತ್ತು. “ನಿಮ್ಮ ಯಜಮಾನ್ರು ತೆಗದದ್ದು. ಅದರ ಫಿಲ್ಮ್ ಇರಬಹುದೇನ್ರಿ?” ಎಂದು ಅವ್ವನನ್ನು ಕೇಳಿದರು.

ಹುಡುಕಲು ಕೂತೆವು. ಆ ಲೆನ್ಸನ್ನು ಹಿಂದುಮುಂದು ಮಾಡಿ ಕ್ಯಾಮೆರಾಕ್ಕೆ ಹಚ್ಚಿದರೆ ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ಹಿಡಿಯುತ್ತದೆ. ಅಂದು ಆ ಮುಖಗಳನ್ನು ಫಿಲ್ಮಿಗಿಳಿಸಿದ ಗಾಜಿನಿಂದಲೇ ಇಂದು ನಾನು ಆ ಫಿಲ್ಮನ್ನು ಡಿಜಿಟಲ್‌ಗೆ ಇಳಿಸುತ್ತೇನೆ. ಕೆಳಗಿನಿಂದ ಬೆಳಕು ಬಿಡುವ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುತ್ತೇನೆ. ಅವ್ವ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತು ಗುರುತು ಹೇಳುತ್ತಾಳೆ. ಕೆಲವು ಸುರುಳಿಗಳು ಒಂದಕ್ಕೊಂದು ಅಂಟಿ ಬಿಡಿಸಲು ಬರುವುದಿಲ್ಲ. ಅವನ್ನು ಅವಳು ಎಸೆಯಗೊಡುವುದಿಲ್ಲ.

ಹುಬ್ಬಳ್ಳಿಯವರ ಗಂಡ ಸಿಕ್ಕರು. ಸ್ಕೂಟರಿಗೆ ಒರಗಿ, ತುಸು ನಾಚಿಕೊಂಡು ನಿಂತಿದ್ದರು. ಪ್ರಿಂಟು ಹಾಕಿಸಿ ಕಳಿಸಿದೆವು. ಅವರು ಇನ್ನಿಬ್ಬರಿಗೆ ಹೇಳಿದರು. ಹೀಗೆ ನಮ್ಮ ರವಿವಾರಗಳು ತುಂಬತೊಡಗಿದವು.

ಮೊನ್ನೆ ಪರದೆಗೆ ಬಂದ ಚಿತ್ರದಲ್ಲಿ, ಕಿಟಕಿಯ ಹತ್ತಿರ ಕೂತ ಒಬ್ಬ ಹರೆಯದ ಹೆಂಗಸಿದ್ದಳು. ನಗುವುದೋ ಬೇಡವೋ ಎಂಬ ಮುಖ. ಅವ್ವ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಗುರುತು ಹತ್ತಲಿಲ್ಲ.

“ಬಿಟ್ಟು ಮುಂದ ಹೋಗಲೇನು?” ಎಂದೆ.

“ತಡಿ. ಇಕೀದೂ ಒಂದು ಪ್ರಿಂಟ್ ತಗಿ,” ಎಂದಳು ಅವ್ವ. “ಯಾರರ ಕೇಳ್ಕೊಂಡ ಬರ್ತಾರ.”