ಹೊಲಿಗೆಯೊಳಗೆ ಹೋದ ನಾಲ್ಕು ಮನೆಗಳು

ಹೋದ ವಾರ ದೊಡ್ಡ ಮೊಮ್ಮಗಳು ತನ್ನ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಚಿತ್ರದ ಕಾರ್ಡುಗಳನ್ನು ಮಾಡುತ್ತ ಕುಳಿತಿದ್ದಳು. ಬಾಟಲಿಯ ಗೋಂದು ಮುಗಿಯಿತೆಂದು ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಸಿದಳು. ಆ ಹಸಿ ಹಸಿ, ಸ್ವಲ್ಪ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಹಿತ್ತಲಿಗೆ ಹೋದೆ. "ಆಯಿ, ತಲಿ ನೋಯ್ಲಿಕತ್ತದೇನು?" ಎಂದು ಕೇಳಿದಳು. ಹೌದೆಂದೆ. ತಲೆನೋವಲ್ಲ ಮಕ್ಕಳೇ. ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಹಾಬಾದಕ್ಕೂ ವಾಡಿಗೂ ನಡುವೆ ನಮ್ಮ ಊರಿತ್ತು. ನನ್ನ ಅಪ್ಪ ಅಲ್ಲಿಯ ಕನ್ನಡ ಶಾಲೆಯ ಮಾಸ್ತರರು. ಇಂಗ್ಲಿಷ್ ಪುಸ್ತಕದಲ್ಲಿದ್ದ ಹಡಗು, ಸಮುದ್ರ, ಕುದುರೆಯ ಮೇಲಿನ ರಾಜ ಇವೆಲ್ಲ ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಯ ಧೂಳಿನಲ್ಲಿ ಆಡಿದ ನಮಗೆ ಕನ್ನಡದಲ್ಲೂ ತಿಳಿಯುತ್ತಿರಲಿಲ್ಲ. "ಕಂಡದ್ದರ ಹೆಸರು ಮದ್ಲ ಕಲೀಲಿ, ಕಾಣದ್ದು ಆಮ್ಯಾಲೆ," ಎನ್ನುತ್ತ ಅಪ್ಪ ಪಾಠದ ಸಾಮಾನುಗಳನ್ನು ತಾವೇ ಮಾಡುತ್ತಿದ್ದರು. ಸಂಜೆಯಾದರೆ ಪಡಸಾಲೆಯ ತುಂಬ ಹಳೆಯ ಕ್ಯಾಲೆಂಡರು, ರಟ್ಟು, ಚಿಂದಿ. ಅವ್ವ ಅಂಟು ಕುದಿಸಿ, ಹುಳ ತಿನ್ನಬಾರದೆಂದು ಚಿಟಿಕೆ ಮೈಲುತುತ್ತ ಹಾಕುವಳು. ಜೋಳ, ತೊಗರಿ, ಕಡಲೆಗಳನ್ನು ರಟ್ಟಿಗೆ ಅಂಟಿಸಿ ಕೆಳಗೆ ಅವುಗಳ ಇಂಗ್ಲಿಷ್ ಹೆಸರು. ಬಣ್ಣ ಹಚ್ಚುವ ಕೆಲಸ ನನ್ನದು. ನಾಲ್ಕು ಜನರೆದುರು ಮಾತು ಬಾರದ ಹುಡುಗಿಗೆ ಕೈಕೆಲಸ ಬರುತ್ತಿತ್ತು. ದಿನಾ ಮಧ್ಯಾಹ್ನ ಖಣಿಯಲ್ಲಿ ಮದ್ದು ಹಾರಿಸುವಾಗ ಶಾಲೆಯ ಹಂಚು ಗಡಗಡ ಎನ್ನುವುದು, ಗಡಿಗೆಯ ನೀರಿನಲ್ಲಿ ಉಂಗುರಗಳು ಏಳುವುವು. ಅಪ್ಪ ಅರ್ಧ ವಾಕ್ಯಕ್ಕೆ ನಿಂತು, ಸದ್ದು ಅಡಗಿದ ಮೇಲೆ ಉಳಿದರ್ಧ ಹೇಳುತ್ತಿದ್ದರು. ಆ ಸದ್ದು ವರ್ಷದಿಂದ ವರ್ಷಕ್ಕೆ ಹತ್ತಿರ ಬರುತ್ತಿದೆ ಎಂದು ಯಾರೂ ಅಂದುಕೊಳ್ಳಲಿಲ್ಲ, ಅಥವಾ ಅಂದುಕೊಂಡರೂ ಆಡಲಿಲ್ಲ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಯುಗಾದಿ ಮುಗಿದ ಮೇಲೆ ಅಪ್ಪ ಎರಡು ಗಜ ಮಂಜರಪಾಟದ ಬಟ್ಟೆ ತಂದು ಅದರ ಮೇಲೆ ನನ್ನ ಕೈಯಿಂದ ಇಡೀ ಊರನ್ನೇ ಬರೆಸಿದರು. ಗೋಡೆಗಳಿಗೆ ಕೆಮ್ಮಣ್ಣು, ಹೊಲಗಳಿಗೆ ಅರಿಸಿನ, ಗೆರೆಗಳಿಗೆ ದೀಪದ ಕಾಡಿಗೆ. ಬಾವಿಯ ಪಕ್ಕ 'ವೆಲ್', ಗುಡಿಯ ಪಕ್ಕ 'ಟೆಂಪಲ್'. ಪ್ರತಿ ಮನೆಯ ಕೆಳಗೆ ಯಜಮಾನನ ಹೆಸರು. ಅಪ್ಪ ಕೋಲಿನಿಂದ ಮುಟ್ಟಿ "ಹೂಸ್ ಹೌಸ್ ಈಸ್ ದಿಸ್?" ಎಂದರೆ ಆ ಮನೆಯ ಹುಡುಗರು ಎದ್ದು ನಿಂತು ತಮ್ಮ ಮನೆಯೆಂದು ಇಂಗ್ಲಿಷಿನಲ್ಲಿ ಹೇಳಬೇಕು. ಎಲ್ಲಕ್ಕಿಂತ ಕೆಳಗೆ ಹಳ್ಳ, ಹಳ್ಳದ ಆಚೆ ನಾಲ್ಕು ಮನೆ. ಅವುಗಳಲ್ಲೊಂದು ನನ್ನ ಗೆಳತಿ ಮಲ್ಲಮ್ಮನದು. ಅವಳ ಅಪ್ಪ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ.

ಬಟ್ಟೆಯನ್ನು ಗೋಡೆಗೆ ತೂಗುಹಾಕಲು ಮೇಲೆ ಕೆಳಗೆ ಬಿದಿರುಕೋಲು ಬೇಕಲ್ಲ, ಅಂಚು ಮಡಚಿ ನಾನೇ ಹೊಲಿದೆ. ಹೊಲಿದು ಮುಗಿಸಿ ಬಿಡಿಸಿ ನೋಡಿದರೆ ಹಳ್ಳದ ಆಚೆಯ ನಾಲ್ಕೂ ಮನೆ ಮಡಿಕೆಯೊಳಗೆ ಹೋಗಿದ್ದವು. ಅಷ್ಟರಲ್ಲಿ ಅಪ್ಪ ಬಂದು, "ಎಷ್ಟ್ ನೆಟ್ಟಗ ಹೊಲದಿ ನನ್ನವ್ವ!" ಎಂದರು. ಆ ಹೊಗಳಿಕೆಯನ್ನು ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಮಲ್ಲಮ್ಮ ಮೊದಲ ದಿನವೇ ಕಂಡುಹಿಡಿದಳು. "ಏ ಮಾಸ್ತರ್ ಮಗಳೆ, ನಮ್ಮ ಮನಿಗೋಳು ಕೋಲಿಗಿ ಸುತ್ತಿ ಮಲಗಿಸಿದೇನ? ಒಳಗ ನಮ್ಮಪ್ಪಗ ಉಸಿರು ಕಟ್ತದ, ನೋಡು!" ಎಂದು ಬಿದ್ದು ಬಿದ್ದು ನಕ್ಕಳು. ನಾಳೆ ಬಿಚ್ಚುತ್ತೇನೆ ಎಂದೆ, ಬಿಚ್ಚಲಿಲ್ಲ. ಅವಳೂ ನನ್ನ ಅಪ್ಪನಿಗೆ ಹೇಳಲಿಲ್ಲ. ಪಾಠದಲ್ಲಿ ತನ್ನ ಸರದಿ ಬಂದಾಗ ಕೆಳಗಿನ ಕೋಲನ್ನು ಮುಟ್ಟಿ "ಮೈ ಹೌಸ್" ಎನ್ನುವಳು. ಹುಡುಗರು ನಗುವರು, ಅಪ್ಪ ಅವಳ ತುಂಟತನವೆಂದು ಬಿಡುವರು.

ಮರುವರ್ಷದ ಮಳೆಗಾಲದಲ್ಲಿ ಖಣಿ ಕಂಪನಿಯ ಕಡೆಯವರು ಮೂವರು ಊರಿನ ಅಳತೆಗೆ ಬಂದರು. ಹಳ್ಳ ತುಂಬಿ ಹರಿಯುತ್ತಿತ್ತು, ಅವರಿಗೆ ಆಚೆ ದಾಟಲಾಗಲಿಲ್ಲ. ಮಳೆಗೆ ಶಾಲೆಯೊಳಗೆ ನಿಂತವರು ಗೋಡೆಯ ಮೇಲಿನ ಊರನ್ನು ನೋಡಿ, ಇಂಗ್ಲಿಷಿನಲ್ಲಿ ಏನೇನೋ ಅಂದು, ಅದನ್ನು ಕೇಳಿ, ಅಪ್ಪನ ಕೈ ಕುಲುಕಿದರು. "ಒಯ್ರಿ ಸಾಹೇಬ್ರ, ಆದ್ರ ಜಲ್ದಿ ತಂದು ಕೊಡ್ರಿ, ಹುಡುಗರು ಪಾಠಕ್ಕ ಕಾದಿರ್ತಾವ," ಎಂದು ಅಪ್ಪ ತಾವೇ ಸುತ್ತಿ ಕೊಟ್ಟರು. ಆ ದಿನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾಕ ಕೊಟ್ರಿ? ಮನಿ ಮನಿ ಹೆಸರು ಅದಾವ ಅದರಾಗ," ಎಂದಳು.

"ಅವರು ಭಾಳ ಮೆಚ್ಕೊಂಡ್ರು. ನಿನಗ ಏನ್ ಮಾಡಿದ್ರೂ ಸಂಶೇನೇ."

ದಸರೆಗೆ ಅದು ಮರಳಿ ಬಂತು. ಪ್ರತಿ ಮನೆಯ ಮೇಲೆ ಕೆಂಪು ಪೆನ್ಸಿಲಿನ ಒಂದೊಂದು ಅಂಕಿ. ಅಪ್ಪನಿಗೆ ಖುಷಿಯೋ ಖುಷಿ. ಅದನ್ನೇ ಹೊಸ ಪಾಠ ಮಾಡಿಕೊಂಡರು. ನಾವೆಲ್ಲ ಒಂದೇ ಧ್ವನಿಯಲ್ಲಿ ನಮ್ಮ ನಮ್ಮ ಮನೆಯ ನಂಬರನ್ನು ಇಂಗ್ಲಿಷಿನಲ್ಲಿ ಕೂಗಿದೆವು. ಬೇಸಿಗೆಗೆ ನೋಟಿಸು ಬಂತು. ಊರು ಖಣಿಗೆ ಹೋಗುವುದು, ನಂಬರಿದ್ದ ಮನೆಗಳಿಗೆ ರಸ್ತೆಯ ಕಡೆ ಹೊಸ ಜಾಗ. ಹಳ್ಳದ ಆಚೆಯ ನಾಲ್ಕು ಮನೆಗಳ ಹೆಸರೇ ಇರಲಿಲ್ಲ.

ಅಂದು ನಾನು ಅಳುತ್ತ ಅಪ್ಪನಿಗೆ ಮಡಿಕೆಯ ವಿಷಯ ಹೇಳಿದೆ. ಅಪ್ಪ ಬಯ್ಯಲಿಲ್ಲ. ಮರುದಿನ ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು, ನನ್ನನ್ನೂ ಮಲ್ಲಮ್ಮನ ಅವ್ವನನ್ನೂ ಕರೆದುಕೊಂಡು ಕಂಪನಿಯ ಕಚೇರಿಗೆ ಹೋದರು. ಸಾಹೇಬರ ಎದುರಿಗೇ ಹೊಲಿಗೆ ಬಿಚ್ಚಿದರು. ನಾಲ್ಕು ಮನೆ ಹೊರಗೆ ಬಂದವು. ಬಿಸಿಲಿಗೆ ಉಳಿದ ಊರೆಲ್ಲ ಮಾಸಿ ಬೂದಿಯಂತಾಗಿತ್ತು. ಮಡಿಕೆಯೊಳಗಿನ ಕೆಮ್ಮಣ್ಣು ಮಾತ್ರ ನಿನ್ನೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಏನ್ ಮಾಸ್ತರ್," ಸಾಹೇಬರು ನಕ್ಕರು, "ಎಲ್ಲಾ ಬಣ್ಣ ಮಾಸ್ಯದ, ಇವು ನಾಕೇ ಹ್ಯಾಂಗ ಹೊಸಾ ಅದಾವ? ರಾತ್ರಿ ಕುಂತು ಬರಸಿರೇನು?"

"ನನ್ನ ಮಗಳೇ ಬರದಾಳ್ರಿ, ಆಕಿನೇ ಹೊಲದಾಳ. ಹೇಳವ್ವ, ಸಾಹೇಬ್ರಿಗಿ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ಮಲ್ಲಮ್ಮನ ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ತಪ್ಪು ನನ್ನದು ಎನ್ನಬೇಕಿತ್ತು, ಅಷ್ಟೇ. ನಾನು ನೆಲ ನೋಡಿದೆ. "ಹುಡುಗಿ ಸುಳ್ಳು ಹೇಳಲ್ಲ, ಪಾಪ," ಎಂದು ಸಾಹೇಬರು ಬಟ್ಟೆಯನ್ನು ಅಪ್ಪನ ಕಡೆ ಸರಿಸಿದರು. ಹೇಳಿದ್ದರೆ ಆತ ನಂಬುತ್ತಿದ್ದನೋ ಇಲ್ಲವೋ. ಹೇಳಲಿಲ್ಲ ಎಂಬುದೊಂದು ನನ್ನ ಪಾಲಿಗೆ ಉಳಿಯಿತು.

ನಾವು ಹೊಸ ಜಾಗಕ್ಕೆ ಹೋದೆವು. ಅಪ್ಪ ಮುಂದೆ ಒಂದು ಕಾರ್ಡನ್ನೂ ಮಾಡಲಿಲ್ಲ. ಬಾವಿಯಿಲ್ಲದೆ, ಅಂಗಡಿಯಿಲ್ಲದೆ, ಮಾಳಿಗೆಯ ಮೇಲೆ ಖಣಿಯ ಕಲ್ಲು ಸಿಡಿದು ಬೀಳುವ ಆ ಹಳ್ಳದಾಚೆಯಲ್ಲೇ ಮಲ್ಲಮ್ಮನ ಮನೆಯವರು ಒಂದು ಚಳಿಗಾಲ ಕಳೆದು, ಚಿಂಚೋಳಿಯ ಕಡೆ ಕೂಲಿಗೆ ಹೋದರಂತೆ. ಹೋಗುವಾಗ ಅವಳು ನಮ್ಮ ಮನೆಗೆ ಬರಲಿಲ್ಲ.

ನಿಮ್ಮ ಅಜ್ಜ ತೀರಿದ ಮೇಲೆ ಒಮ್ಮೆ ನಿಮ್ಮಪ್ಪನ ಜೊತೆ ಆ ಕಡೆ ಹೋಗಿದ್ದೆ. ನಮ್ಮ ಪಡಸಾಲೆ, ಶಾಲೆ, ಗುಡಿ ಇದ್ದಲ್ಲೆಲ್ಲ ಈಗ ಆಳವಾದ ಗುಂಡಿ, ಅದರ ತಳದಲ್ಲಿ ಅಲುಗದ ಹಸಿರು ನೀರು. ಖಣಿ ಹಳ್ಳ ದಾಟಿರಲಿಲ್ಲ. ಆಚೆಯ ದಂಡೆಯಲ್ಲಿ ನಾಲ್ಕು ಮನೆಗಳ ಬರಿಗೋಡೆಗಳು ನಿಂತಿದ್ದವು. ನಮ್ಮೂರೆಂದು ತೋರಿಸಲು ಉಳಿದದ್ದು ಅವಷ್ಟೇ. ನಿಮ್ಮಪ್ಪ ಗಾಡಿಯ ಹತ್ತಿರ ನಿಂತು ಕರೆಯುತ್ತಿದ್ದ. ನಾನು ಹಳ್ಳ ಇಳಿದು, ದಾಟಿ, ಮಲ್ಲಮ್ಮನ ಹೊಸ್ತಿಲ ಹೊರಗೆ ನಿಂತೆ. ಕರೆಯದೆ ಒಳಗೆ ಹೋಗುವುದು ನಮ್ಮಲ್ಲಿ ಪದ್ಧತಿಯಲ್ಲ.

"ಮನ್ಯಾಗ ಯಾರರ ಅದೀರೇನ್ರಿ?" ಎಂದು ಗಟ್ಟಿಯಾಗಿ ಕೇಳಿದೆ. ಸ್ವಲ್ಪ ಹೊತ್ತು ಕಾದು, ಹೊರಗಿನಿಂದಲೇ ತಿರುಗಿ ಬಂದೆ.