ಬೊಳ್ಳಿಯ ಸೊಪ್ಪು, ನನ್ನ ಕಳೆ

ನಾನೇ ನೆಟ್ಟ ಗಿಡಗಳ ಹೆಸರು ಮಾತ್ರ ನನಗೆ ಗೊತ್ತು. ತಾನಾಗಿ ಹುಟ್ಟಿದ್ದನ್ನೆಲ್ಲ ಕಳೆ ಎಂದುಬಿಡುತ್ತೇನೆ. ಗಡಿಯಾಚೆಯ ಈ ಕಾಟ್ಟಿಕುಳಂನಲ್ಲಿ ಮೂವತ್ತು ವರ್ಷ ಬಾಳೆ ಬೆಳೆದವನು ಹೇಳಿಕೊಳ್ಳುವ ಮಾತಲ್ಲ, ನಿಮ್ಮಲ್ಲೇ ಇರಲಿ.

ಈ ಸಲ ಮಳೆ ಕಡಿಮೆಯಾದ ಮೇಲೆ ಬಾಳೆಸಾಲುಗಳ ನಡುವೆ ಕೆಂಪು ದಂಟಿನ ಗಿಡವೊಂದು ಹಬ್ಬಿತು. ಫೋನಿಗೆ ತೋರಿಸಿದೆ. ಮೇಲಿನಿಂದ ತೆಗೆದ ಚಿತ್ರಕ್ಕೆ ಒಂದು ಹೆಸರು ಹೇಳಿತು, ಪಕ್ಕದಿಂದ ತೆಗೆದದ್ದಕ್ಕೆ ಇನ್ನೊಂದು. ನನ್ನ ಹೆಬ್ಬೆರಳು ಅಡ್ಡ ಬಂದದ್ದಕ್ಕೆ ಯಾವುದೋ ಅಣಬೆಯ ಹೆಸರು. ಇಷ್ಟು ಸಂಶೋಧನೆ ಸಾಕೆಂದು ಸಂಜೆ ಕಳೆನಾಶಕ ಹೊಡೆದೆ.

ಮರುದಿನ ಬೆಳಿಗ್ಗೆ ಬೊಳ್ಳಿ ಮಡಿಲು ತುಂಬ ಸೊಪ್ಪು ಕಟ್ಟಿಕೊಂಡು ತೋಟದಿಂದ ಹೋಗುವುದು ಜಗಲಿಯಿಂದ ಕಂಡಿತು. ಬೊಳ್ಳಿ ಕಾಟ್ಟುನಾಯ್ಕ ಬುಡಕಟ್ಟಿನ ಹೆಂಗಸು, ನಮ್ಮಲ್ಲಿ ಕೂಲಿಗೆ ಬರುವವಳು. ತೋಟ ಯಾರದ್ದಾದರೂ ಆಗಲಿ, ತಾನಾಗಿ ಹುಟ್ಟಿದ ಸೊಪ್ಪು, ಇಲ್ಲಿಯವರ ಬಾಯಲ್ಲಿ ಚೀರ, ಕುಯ್ದವರದ್ದು. ಇಲ್ಲಿ ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಕೈಯೆತ್ತಿದೆ, ಅವಳು ನಕ್ಕಳು. ತಿಂಡಿ ತಿಂದು ಕೈ ತೊಳೆಯುವಾಗ ನೆನಪಾಯಿತು. ಹೊಡೆದ ಮರುದಿನ ಎಲೆ ಬಾಡಿರುವುದಿಲ್ಲ, ಹಸಿರಾಗಿಯೇ ಇರುತ್ತದೆ.

ಅವಳ ಮನೆಗೆ ಹದಿನೈದು ನಿಮಿಷದ ದಾರಿ. ಮೊದಲು ನಡೆದೆ. ಆಮೇಲೆ ಮುಂಡು ಎತ್ತಿ ಕಟ್ಟಿ ಓಡಿದೆ.

ಒಳಗೆ ಬೊಳ್ಳಿಯ ಬಾಣಂತಿ ಮಗಳು ತಟ್ಟೆಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ಕೂಸು. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಕಳೆನಾಶಕ, ಫೋನು ಎಂದೆಲ್ಲ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ತಟ್ಟೆಯಲ್ಲಿ ಬರೀ ಅನ್ನವಿತ್ತು. ಅದನ್ನು ಎರಡು ಸಲ ನೋಡಿದೆ.

ಬೊಳ್ಳಿ ಬೈಯಲಿಲ್ಲ. ಬಾಣಲೆ ಇಳಿಸಿ, ಹಿತ್ತಲಲ್ಲಿ ಕೋಳಿ ಕೆದಕಲಾಗದಷ್ಟು ಆಳ ತೋಡಿ, ಸೊಪ್ಪನ್ನು ಹೂತಳು. ಮಣ್ಣು ತುಳಿಯುತ್ತ ಕೇಳಿದಳು:

"ಯಾವ ಚೀರ ಅಂತ ನನ್ನ ಕೇಳ್ಬೋದಿತ್ತಲ್ಲ ಅಣ್ಣ. ಆ ಫೋನು ತಿಂದದೆಯಾ ಅದನ್ನ?"

ಕಳೆಯೆಂದರೆ ಬೇಡದ ಗಿಡ ಎನ್ನುತ್ತದೆ ನಿಘಂಟು. ಯಾರಿಗೆ ಬೇಡದ್ದು ಎಂದು ಅದು ಹೇಳುವುದಿಲ್ಲ. ನಾನೂ ಇಷ್ಟು ವರ್ಷ ಕೇಳಿರಲಿಲ್ಲ.

ಮಧ್ಯಾಹ್ನ ಅವಳೇ ಬಂದು, ನಾನು ಹೊಡೆಯದೆ ಬಿಟ್ಟಿದ್ದ ಬದುವಿನ ಉದ್ದಕ್ಕೂ ನನ್ನನ್ನು ನಡೆಸಿದಳು. ಹಾಲು ಬರಲು ಮಗಳಿಗೆ ಕೊಡುವುದು ಇದು, ಮಳೆಗಾಲದಲ್ಲಿ ಮಾತ್ರ ತಿನ್ನುವುದು ಅದು. ನಾನು ಬರೆದುಕೊಳ್ಳುತ್ತ ಹೋದೆ. ಬೇಲಿಯ ಬುಡದಲ್ಲಿ ಒಂದು ಸಣ್ಣ ಗಿಡದ ಮುಂದೆ ಅವಳೂ ನಿಂತಳು. ಎಲೆ ಮಗುಚಿದಳು, ಮೂಸಿದಳು.

"ಇದು ಗೊತ್ತಿಲ್ಲ."

ಗೊತ್ತಿಲ್ಲದಿದ್ದರೆ ಏನು ಮಾಡುವುದು ಎಂದು ಕೇಳಿದೆ.

"ಏನ್ ಮಾಡೋದು. ಬಿಟ್ಬಿಡೋದು," ಎಂದು ಸೀರೆ ತಾಗದಂತೆ ಹಿಡಿದು, ಗಿಡವನ್ನು ಬಳಸಿ ಮುಂದೆ ಹೋದಳು.

ನಾನೂ ಬಳಸಿಯೇ ಹೋದೆ.